ಅಕ್ಕಿ ಡಬ್ಬದೊಳಗಿನ ಕೂಸು

ನನ್ನ ತವರು ಜೋಸೆಫರದು, ಗಂಡನ ಮನೆ ಅಂತೋಣಿಯವರದು. ನಮ್ಮವರಲ್ಲಿ ಹೆಣ್ಣು ಕೊಡುವಾಗ, ತರುವಾಗ ಊರಿನ ಹೆಸರಿನ ಜೊತೆಗೇ ಆ ಊರಿನ ಚರ್ಚು ಯಾವ ಸಂತರದು ಅನ್ನುವುದೂ ಮಾತಿಗೆ ಬರುತ್ತದೆ. ಅವರು ಸೆಬಾಸ್ಟಿಯನ್ನರ ಕಡೆಯವರು, ಸ್ವಲ್ಪ ಜಗಳಗಂಟರು ಅನ್ನುತ್ತಾರೆ. ಇವರು ಮಾತೆಯವರ ಊರಿನವರು, ಹೆಣ್ಣುಮಕ್ಕಳದೇ ಯಜಮಾನಿಕೆ ಅನ್ನುತ್ತಾರೆ. ಊರು ಸಂತರಂತೆ ಆಯಿತೋ, ಊರಿಗೆ ತಕ್ಕ ಸಂತರನ್ನು ಹಿಂದಿನ ಫಾದರ್‌ಗಳು ಆರಿಸಿ ತಂದರೋ ನನಗೆ ಗೊತ್ತಿಲ್ಲ. ಆದರೆ ಬಹಳ ಮಟ್ಟಿಗೆ ಅದು ನಿಜ.

ತವರು ಇರುವುದು ನರಸೀಪುರದ ಕಡೆ, ಹೆಮ್ಮಿಗೆಯ ಆಚೆ. ನಮ್ಮ ಜೋಸೆಫರು ಕೈಯಲ್ಲಿ ಮೂಲೆಮಟ್ಟ ಹಿಡಿದು ನಿಂತ ಬಡಗಿ. ಬೈಬಲಿನ ಶುಭಸಂದೇಶದಲ್ಲಿ ಎಲ್ಲಿ ಹುಡುಕಿದರೂ ಅವರದು ಒಂದು ಮಾತಿಲ್ಲ. ದೇವದೂತ ಕನಸಿನಲ್ಲಿ ಬಂದು ಹೇಳುತ್ತಾನೆ, ಇವರು ಎದ್ದು ಹೇಳಿದಂತೆ ಮಾಡುತ್ತಾರೆ, ಅಷ್ಟೇ. ನಮ್ಮೂರಿನವರೂ ಹಾಗೆಯೇ. ಜೋಸೆಫರ ಹತ್ತಿರ ಯಾರೂ ದೊಡ್ಡದೇನನ್ನೂ ಕೇಳುವುದಿಲ್ಲ. ಕೇಳುವುದು ಒಂದನ್ನೇ, ಒಳ್ಳೆಯ ಸಾವು. ಮನೆಯವರೆಲ್ಲ ಸುತ್ತ ಇರಬೇಕು, ಫಾದರ್ ಎಣ್ಣೆ ಹಚ್ಚುವುದಕ್ಕೆ ಹೊತ್ತಿಗೆ ಸರಿಯಾಗಿ ಬರಬೇಕು, ಬಾಯಿಗೆ ನೀರು ಬಿಡುವ ಕೈ ಮಕ್ಕಳದಾಗಿರಬೇಕು. ನಮ್ಮಪ್ಪನಿಗೆ ಅಂಥ ಸಾವು ಸಿಕ್ಕಿತು. ನಮ್ಮಮ್ಮ ಇವತ್ತಿಗೂ ಅದನ್ನು ಬೇರೆಯವರು ಮಗಳ ಮದುವೆಯ ವಿಷಯ ಹೇಳಿದಂತೆ ಹೇಳುತ್ತಾಳೆ, ಊಟಕ್ಕೆ ಏನೇನಿತ್ತು ಅನ್ನುವುದೊಂದು ಬಿಟ್ಟು.

ಗಂಡನ ಮನೆ ನಂಜನಗೂಡಿನಿಂದ ಹುಲ್ಲಹಳ್ಳಿ ಕಡೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಹಳ್ಳಿ. ನಾಲೆ ನೀರಿನ ಊರು, ಭತ್ತ, ಕಬ್ಬು, ಬಾಯಿ ತುಂಬ ಮಾತು. ಅಲ್ಲಿನ ಅಂತೋಣಿಯವರು ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರು. ಇದು ಲೋಕಕ್ಕೆಲ್ಲ ಗೊತ್ತಿರುವ ವಿಷಯ. ಆದರೆ ಆ ಊರಿನವರು ಅವರನ್ನು ನಡೆಸಿಕೊಳ್ಳುವ ರೀತಿ ನಾನು ಬೇರೆಲ್ಲೂ ಕಂಡಿಲ್ಲ. ಕಂದು ನಿಲುವಂಗಿ ಹಾಕಿಕೊಂಡು ನಿಂತಿರುವ ಅಂತೋಣಿಯವರ ಎಡಗೈ ಮೇಲೆ ಬಾಲಯೇಸು ಕೂತಿದೆ. ಆ ಕೂಸು ಪ್ರತಿಮೆಗೆ ಅಂಟಿಕೊಂಡದ್ದಲ್ಲ, ಬೇರೆ ಮಾಡಿದ್ದು. ಅಡಿಯಲ್ಲಿ ಒಂದು ಗೂಟ, ಸಂತರ ಅಂಗೈಯಲ್ಲಿ ಒಂದು ತೂತು. ಊರಿನಲ್ಲಿ ಯಾರದಾದರೂ ಮೇಕೆಯೋ ಓಲೆಯೋ ಕಳೆದುಹೋದರೆ ಆ ಮನೆಯ ಹೆಂಗಸು ಹೋಗಿ, ಸಂತರಿಗೆ ಎದುರಾ ಎದುರು ಹೇಳಿ, ಕೂಸನ್ನು ಎತ್ತಿಕೊಂಡು ಮನೆಗೆ ಬರುತ್ತಾಳೆ. ಕಳೆದದ್ದು ಸಿಕ್ಕ ಮೇಲೆ ಮಂಗಳವಾರದ ನವೇನ ಪ್ರಾರ್ಥನೆಗೆ ಒಂದು ಪುಟ್ಟಿ ಬನ್ನಿನ ಜೊತೆ ಕೂಸನ್ನು ತಂದು ಕೂರಿಸುತ್ತಾಳೆ. ಬನ್ನನ್ನು ಎಲ್ಲರಿಗೂ ಹಂಚುತ್ತಾರೆ. ಅಲ್ಲಿಯವರೆಗೆ ಸಂತರು ಬರಿಗೈಯಲ್ಲಿ ನಿಂತಿರಬೇಕು. ಚರ್ಚು ನೋಡಿಕೊಳ್ಳುವ ಉಪದೇಶಿಗಳು ಕಂಡರೂ ಕಾಣದಂತೆ ಇರುತ್ತಾರೆ. ಇದಕ್ಕೊಂದು ಕಟ್ಟಳೆಯೂ ಇತ್ತು. ಕೂಸು ಒಂದು ಮನೆಯಲ್ಲಿರುವಷ್ಟು ದಿನ ಊರಿನಲ್ಲಿ ಮತ್ತೆ ಯಾರೂ ಅಂತೋಣಿಯವರನ್ನು ಏನೂ ಕೇಳುವ ಹಾಗಿಲ್ಲ. ಅವರು ಆ ಮನೆಯ ಕೆಲಸದಲ್ಲಿರುತ್ತಾರೆ.

ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ನಾನು ಬಿ.ಎಡ್. ಮಾಡಿ ನಂಜನಗೂಡಿನ ಒಂದು ಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು. ಸಂತರ ಮಗುವನ್ನು ಒತ್ತೆ ಇಟ್ಟುಕೊಳ್ಳುವ ಭಕ್ತಿ ಎಂಥದ್ದು ಅಂತ ಗಂಡನ ಹತ್ತಿರ ರೇಗಾಡಿದೆ. ಅದೇ ವರ್ಷ ನಾಲೆಯಲ್ಲಿ ಬಟ್ಟೆ ಒಗೆಯುವಾಗ ನನ್ನ ಒಂದು ಓಲೆ ಕಾಣದಾಯಿತು. ನಮ್ಮತ್ತೆ ಚರ್ಚಿಗೆ ಹೋಗಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, ಅಕ್ಕಿ ಡಬ್ಬದೊಳಗೆ ಕತ್ತಿನವರೆಗೆ ಹೂತು ಕೂರಿಸಿದರು. ಅಕ್ಕಿಯಲ್ಲೇ ಯಾಕೆ ಅಂದರೆ, ಯಾರ ಮನೆಯ ಕೂಸಾದರೂ ನಮ್ಮ ಮನೆಯಲ್ಲಿ ಇರುವಾಗ ಹಸಿದಿರಬಾರದು ಅಂದರು. ಮಾರನೆಯ ದಿನ ಓಲೆ ಟವಲಿನ ಮಡಿಕೆಯಲ್ಲಿ ಸಿಕ್ಕಿತು. ಅದು ಮೊದಲಿನಿಂದಲೂ ಅಲ್ಲೇ ಇತ್ತು ಅಂತ ನಾನು. ಟವಲನ್ನು ಕೊಡವಬೇಕು ಅಂತ ನಿನಗೆ ಹೇಳಿಕೊಟ್ಟವರು ಯಾರು ಅಂತ ನನ್ನ ಗಂಡ. ತಾಯಿ ಮಗ ಇಬ್ಬರೂ ಸೇರಿ ನನ್ನನ್ನು ಬಹಳ ದಿನ ಕಾಡಿದರು. ನಾನು ಬೇಕರಿಯಿಂದ ಬನ್ನು ತಂದು ಹಂಚಬೇಕಾಯಿತು.

ನಮ್ಮ ಮನೆಯಲ್ಲಿ ಇದ್ದದ್ದು ನಾವು ಮೂವರೇ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು, ನಮಗೆ ಮಕ್ಕಳಾಗಿರಲಿಲ್ಲ. ಗಂಡ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸದಲ್ಲಿದ್ದ. ಮಾತುಗಾರ. ತಳ ಹಿಡಿದ ಅನ್ನ ಅಂದರೆ ಪ್ರಾಣ, ಪಾತ್ರೆ ಕೆರೆದು ಉಪ್ಪು ಹಾಕಿಕೊಂಡು ತಿನ್ನುತ್ತಿದ್ದ. ಶಿಫ್ಟ್ ಮುಗಿಸಿ ಬಂದವನು ಹೊಸಲು ದಾಟುವ ಮೊದಲೇ ಇವತ್ತು ಏನು ಕಳೆದುಹೋಯಿತು ಅಂತ ಕೂಗುತ್ತಿದ್ದ. ಆ ಓಲೆಯ ವಿಷಯ ಅವನು ಮರೆಯಲೇ ಇಲ್ಲ.

ಒಂದು ದಿನ ಬೆಳಗಿನ ಶಿಫ್ಟಿಗೆ ಅಂತ ಊಟದ ಕ್ಯಾರಿಯರ್ ತಗುಲಿಸಿಕೊಂಡು ಬೈಕಿನಲ್ಲಿ ಹೋದವನು ವಾಪಸ್ ಬರಲಿಲ್ಲ. ಫೋನು ಸ್ವಿಚ್ ಆಫ್ ಆಗಿತ್ತು. ಫ್ಯಾಕ್ಟರಿಗೆ ಅವತ್ತು ಹೋಗಿಯೇ ಇರಲಿಲ್ಲ. ಸ್ಟೇಷನ್ನಿನಲ್ಲಿ ದೂರು ಬರೆದುಕೊಂಡವರು ಗಂಡ ಹೆಂಡತಿಗೆ ಜಗಳವಾಗಿತ್ತಾ ಅಂತ ಮೂರು ವಿಧದಲ್ಲಿ ಕೇಳಿದರು. ಆಗಿರಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಅಂತ ಆಮೇಲೆ ಎಷ್ಟೋ ಸಲ ಅನ್ನಿಸಿದೆ, ಹಿಡಿದುಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು. ಬೈಕು ಸಿಕ್ಕಿದ್ದು ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ. ಲಾಕ್ ಮಾಡಿತ್ತು. ಹ್ಯಾಂಡಲ್ಲಿಗೆ ಕ್ಯಾರಿಯರ್ ತಗುಲಿಹಾಕಿತ್ತು. ತೆಗೆದು ನೋಡಿದರೆ ಒಳಗೆ ಖಾಲಿ, ತೊಳೆದಿಟ್ಟಿದ್ದ. ಊಟ ಮಾಡಿ, ಎಲ್ಲೋ ನಲ್ಲಿಯಲ್ಲಿ ಡಬ್ಬಿ ತೊಳೆದು, ಮುಚ್ಚಳ ಹಾಕಿ, ತಗುಲಿಸಿ ಹೋಗಿದ್ದಾನೆ. ಎಲ್ಲಿಗೆ ಅನ್ನುವುದು ಯಾರಿಗೂ ಗೊತ್ತಿಲ್ಲ. ಆ ಸ್ಟ್ಯಾಂಡಿನಿಂದ ನಾಲ್ಕು ದಿಕ್ಕಿಗೂ ಬಸ್ಸಿದೆ. ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ಹೊಳೆಗಳು ಕೂಡುವ ಸಂಗಮವೂ ಇದೆ. ತೆಪ್ಪದವರನ್ನು ಕರೆಸಿ ಹುಡುಕಿಸಿದರು. ಏನೂ ಸಿಗಲಿಲ್ಲ. ಸಿಗದಿದ್ದದ್ದನ್ನು ಒಳ್ಳೆಯ ಸುದ್ದಿ ಅಂತ ತಿಳಿಯಬೇಕೋ ಕೆಟ್ಟ ಸುದ್ದಿ ಅಂತ ತಿಳಿಯಬೇಕೋ ಅಂತ ಕೇಳಿದರೆ ಯಾರೂ ನನ್ನ ಮುಖ ನೋಡಲಿಲ್ಲ.

ಬೈಕು ಸಿಕ್ಕಿದ ಸಂಜೆ ನಮ್ಮತ್ತೆ ಚರ್ಚಿಗೆ ಹೋದರು. ನಾನೂ ಹಿಂದೆಯೇ ಹೋದೆ, ಎಲ್ಲಿ ಬಿದ್ದುಬಿಡುತ್ತಾರೋ ಅಂತ. ಜಪಸರ ಹೇಳುತ್ತಿದ್ದ ಹೆಂಗಸರು ನಿಲ್ಲಿಸಿ ದಾರಿ ಬಿಟ್ಟರು. ಅತ್ತೆ ಅಳಲಿಲ್ಲ, ಮೊಣಕಾಲೂರಲಿಲ್ಲ. ಕೂಸನ್ನು ಸಂತರ ಅಂಗೈಯಿಂದ ಎತ್ತಿ ಎದೆಗೆ ಒತ್ತಿಕೊಂಡು ಸಂತರ ಮುಖ ನೋಡಿ ಹೇಳಿದರು.

"ನನ್ ಮಗನ್ನ ಉಡುಕ್ಕೊಡು. ನಿನ್ ಕೂಸ್ನ ತಕ್ಕೋ. ಅಲ್ಲೀಗಂಟ ಇದು ನನ್ ಮನೇಲಿರ್ತದೆ, ನಾನು ಚೆನ್ನಾಗೇ ನೋಡ್ಕತೀನಿ."

ಆ ರಾತ್ರಿಯಿಂದ ಕೂಸು ಅಕ್ಕಿ ಡಬ್ಬದಲ್ಲಿ. ದಿನಾ ಅಕ್ಕಿ ತೆಗೆಯುವುದು ಅತ್ತೆಯ ಕೆಲಸ. ಮೂವರಿಗೆ ಆಗುವಷ್ಟು ಅಳೆಯುವರು, ಕೂಸನ್ನು ಸರಿಯಾಗಿ ಕೂರಿಸಿ ಮುಚ್ಚಳ ಹಾಕುವರು. ಮಿಕ್ಕ ಅನ್ನ ಬೆಳಿಗ್ಗೆ ಕೋಳಿಗಳಿಗೆ. ಇಬ್ಬರಿಗೆ ಸಾಕು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಮೊದಲ ವರ್ಷ ಊರಿನವರು ಬಂಗಾರದಂಥವರಾಗಿದ್ದರು. ಯಾರೂ ಕೂಸಿನ ಮಾತೆತ್ತಲಿಲ್ಲ. ಮೇಕೆ ತಪ್ಪಿಸಿಕೊಂಡರೆ ತಾವೇ ನಾಲೆ ಏರಿಯುದ್ದಕ್ಕೂ ಹುಡುಕಿಕೊಂಡರು. ಮಂಗಳವಾರ ನವೇನದಲ್ಲಿ ಎಲ್ಲರೂ ನಮಗೋಸ್ಕರವೇ ಕೇಳಿಕೊಳ್ಳುತ್ತಿದ್ದರು, ಬರಿಗೈಯ ಅಂತೋಣಿಯವರ ಮುಂದೆ. ಎರಡನೆಯ ವರ್ಷ ಪಕ್ಕದ ಬೀದಿಯ ಒಬ್ಬ ಹೆಂಗಸು ಹುಲ್ಲಹಳ್ಳಿ ಬಸ್ಸಿನ ನೂಕುನುಗ್ಗಲಲ್ಲಿ ತಾಳಿ ಸರ ಕಳೆದುಕೊಂಡಳು. ಅವಳು ನಮ್ಮ ಬಾಗಿಲಿಗೆ ಬಂದು ನಿಂತಳು. ಮಳೆಯ ವಿಷಯ ಮಾತಾಡಿದಳು, ಅತ್ತೆಯ ಮಂಡಿನೋವು ವಿಚಾರಿಸಿದಳು, ಅಡುಗೆಮನೆಯ ಕಡೆ ಒಂದು ಸಲ ನೋಡಿದಳು, ಹೋದಳು. ಅವಳು ಕೇಳಲು ಬಂದದ್ದೇನು ಅಂತ ನನಗೂ ಗೊತ್ತು, ಅತ್ತೆಗೂ ಗೊತ್ತು. ಅತ್ತೆ ಅವತ್ತು ಊಟ ಮಾಡಲಿಲ್ಲ. ಆದರೆ ಕೂಸನ್ನು ಕೊಡಲಿಲ್ಲ. ಆಮೇಲೆ ಬೀದಿಯಲ್ಲಿ ಎದುರಾದವರು ಮಾತು ಬೇಗ ಮುಗಿಸಲು ಶುರುಮಾಡಿದರು. ನಮ್ಮ ದುಃಖಕ್ಕೆ ಊರೆಲ್ಲ ಸರದಿಯಲ್ಲಿ ಕಾದು ನಿಂತಿತ್ತು, ನಿಂತವರ ಕಾಲು ನೋಯುತ್ತಿತ್ತು. ನಾನು ಅವರನ್ನು ಬಯ್ಯಲಾರೆ. ಆದರೂ ಒಳಗೊಳಗೇ ಬಯ್ದುಕೊಂಡಿದ್ದೇನೆ.

ತವರಿನಿಂದ ಅಮ್ಮ ಬಂದಳು. ನಮ್ಮ ಜೋಸೆಫರ ಊರಿನ ಹೆಂಗಸು, ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ಇನ್ನು ಜೋಸೆಫರನ್ನು ಕೇಳಿಕೊ, ಎಲ್ಲಿ ಹೋಗಿದ್ದರೂ ಒಳ್ಳೆ ಸಾವಾಗಿರಲಿ ಅಂತ ಕೇಳಿಕೊ ಅಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕ್ಯಾರಿಯರ್ ತೊಳೆದಿಟ್ಟು ಹೋದವನಿಗೆ ಸಾವು ಯಾಕೆ ಬರುತ್ತದೆ ಅಂತ ಅಮ್ಮನ ಮೇಲೆ ಹರಿಹಾಯ್ದೆ. ಅವಳು ನನ್ನ ತಲೆ ಬಾಚಿ ಜಡೆ ಹಾಕಿ ಬಸ್ಸು ಹತ್ತಿದಳು. ಸತ್ಯ ಹೇಳಬೇಕೆಂದರೆ, ಸುದ್ದಿ ಯಾವುದಾದರೂ ಒಂದು ಬರಲಿ, ಕೆಟ್ಟದ್ದೇ ಆಗಲಿ, ಬರಲಿ ಅಂತ ಕಾಯುತ್ತಿದ್ದವಳೂ ನಾನೇ. ಕೊರಳಲ್ಲಿ ಶಿಲುಬೆಯ ತಾಳಿ ಹಾಗೆಯೇ ಇತ್ತು. ಶಾಲೆಯ ಸ್ಟಾಫ್ ರೂಮಿನಲ್ಲಿ ಬೇರೆಯವರು ಗಂಡಂದಿರ ವಿಷಯ ಮಾತಾಡುವಾಗ ನನ್ನನ್ನು ಕಂಡ ಕೂಡಲೇ ಪರೀಕ್ಷೆಯ ವಿಷಯಕ್ಕೆ ಹೊರಳುತ್ತಿದ್ದರು. ವಿಧವೆಯಾದರೆ ಏನು ಹೇಳಬೇಕು ಅಂತ ಜನಕ್ಕೆ ಗೊತ್ತಿರುತ್ತದೆ. ನನ್ನಂಥವಳಿಗೆ ಹೇಳುವ ಮಾತನ್ನು ಯಾರೂ ಇನ್ನೂ ಮಾಡಿಟ್ಟಿಲ್ಲ.

ಪ್ರತಿ ವರ್ಷ ಮಳೆ ಜೋರಾಗುವ ಮೊದಲು ಅವನ ಅಂಗಿಗಳನ್ನೆಲ್ಲ ತೆಗೆದು ಒಗೆದು, ಬಿಸಿಲಿಗೆ ಹಾಕಿ, ಮಡಿಚಿಡುವುದು ಅತ್ತೆಯ ರೂಢಿಯಾಯಿತು. ಬೂಷ್ಟು ಹಿಡಿದರೆ ಬಂದಾಗ ಬಯ್ಯುತ್ತಾನೆ ಅನ್ನುತ್ತಿದ್ದರು. ಬಂದರೆ ಅನ್ನುತ್ತಿರಲಿಲ್ಲ, ಬಂದಾಗ ಅನ್ನುತ್ತಿದ್ದರು. ನನಗೆ ಅದನ್ನು ಕೇಳಿದರೆ ರೇಗುತ್ತಿತ್ತು. ಆದರೆ ಕೇಳಿದ ದಿನ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಹೀಗೇ ವರ್ಷಗಳಾದವು. ಹಳೆಯ ಫಾದರ್‌ಗೆ ವರ್ಗವಾಯಿತು. ಹೊಸಬರು ಚಿಕ್ಕ ವಯಸ್ಸಿನವರು, ಶುಚಿ, ಶಿಸ್ತು. ಜೂನ್‌ನಲ್ಲಿ ಅಂತೋಣಿಯವರ ಹಬ್ಬಕ್ಕೆ ಮೊದಲು ಪ್ರತಿಮೆಗೆ ಬಣ್ಣ ಹೊಡೆಸುವ ಮಾತು ಬಂತು. ಕೈ ಯಾಕೆ ಖಾಲಿ ಅಂತ ಅವರು ಕೇಳಿದಾಗ ಉಪದೇಶಿಗಳು ಕೆಮ್ಮಿದರಂತೆ. ಆಗ ಊರಿನ ಹೆಂಗಸರೇ ಸೇರಿ ಒಂದು ತೀರ್ಮಾನ ಮಾಡಿದರು. ಅದೇ ತಾಳಿ ಸರದವಳು ಮತ್ತು ಇನ್ನಿಬ್ಬರು ನಮ್ಮ ಮನೆಗೆ ಹೇಳಲು ಬಂದರು. ಮೈಸೂರಿನಲ್ಲಿ ಹೊಸ ಕೂಸು ಮಾಡಿಸುತ್ತಾರಂತೆ. ನಮ್ಮ ಹತ್ತಿರ ಇರುವುದು ನಮ್ಮ ಹತ್ತಿರವೇ ಇರಲಿ, ಯಾರೂ ಕೇಳುವುದಿಲ್ಲ, ಅವನು ಬರುವ ದಿನದವರೆಗೂ ಇಟ್ಟುಕೊಳ್ಳಿ. ಊರಿಗೂ ಒಂದು ಇರಲಿ. ಇಬ್ಬರಿಗೂ ತೊಂದರೆಯಿಲ್ಲ. ಅವರ ಮುಖದಲ್ಲಿ ಒಂದು ಚೂರೂ ಕೇಡಿರಲಿಲ್ಲ. ಇಷ್ಟು ವರ್ಷ ತಲೆ ಕೆಡಿಸಿಕೊಂಡು ಯಾರಿಗೂ ನೋಯದ ಹಾದಿ ಕಂಡುಹಿಡಿದ ಸಮಾಧಾನ ಇತ್ತು. ಅತ್ತೆ ಕಾಫಿ ಕೊಟ್ಟರು. ಆಗಲಿ ಅಂದರು. ನಾನೂ ತಲೆಯಾಡಿಸಿದೆ. ಆ ಕ್ಷಣದಲ್ಲಿ ನನಗೂ ಅದು ಒಳ್ಳೆಯ ಉಪಾಯವಾಗಿಯೇ ಕಂಡಿತು.

ಹಬ್ಬದ ದಿನ ನೋಡಿದರೆ ಅಂತೋಣಿಯವರ ಮೈಮೇಲೆ ಹೊಸ ಬಣ್ಣ, ಕೈಯಲ್ಲಿ ಹೊಸ ಕೂಸು. ನಮ್ಮದಕ್ಕಿಂತ ತುಸು ದಪ್ಪ, ಕೆನ್ನೆಗೆ ವಿಪರೀತ ಗುಲಾಬಿ ಬಳಿದಿದ್ದರು. ಅದನ್ನೇ ನೋಡುತ್ತ ಸಂತರು ಮೊದಲಿನ ಹಾಗೆಯೇ ಮುಗುಳ್ನಗುತ್ತಿದ್ದರು. ಪೂಜೆಯುದ್ದಕ್ಕೂ ಅತ್ತೆ ಆ ನಗುವನ್ನೇ ನೋಡುತ್ತ ಕೂತಿದ್ದರು. ಪ್ರಸಾದಕ್ಕೆ ಏಳಲಿಲ್ಲ.

ಮುಂದಿನ ಮಂಗಳವಾರ ಸಂಜೆ ನಾನು ಶಾಲೆಯಿಂದ ಬಂದಾಗ ಅವರು ಮನೆಯಲ್ಲಿರಲಿಲ್ಲ. ಚರ್ಚಿನಲ್ಲಿ ಸಿಕ್ಕಿದರು. ನವೇನ ಇನ್ನೂ ಶುರುವಾಗಿರಲಿಲ್ಲ, ಒಳಗೆ ಯಾರೂ ಇರಲಿಲ್ಲ. ಅತ್ತೆ ಸ್ಟೂಲಿನ ಮೇಲೆ ಹತ್ತಿ ನಿಂತು ಎರಡೂ ಕೈಯಿಂದ ಹೊಸ ಕೂಸನ್ನು ಎತ್ತಲು ನೋಡುತ್ತಿದ್ದರು. ಆ ವಯಸ್ಸಿನಲ್ಲಿ, ಆ ಮಂಡಿಯಲ್ಲಿ. ಅದು ಅಲುಗುತ್ತಿರಲಿಲ್ಲ. ಹಳೆಯ ಪದ್ಧತಿ ಗೊತ್ತಾದ ಮೇಲೆ ಹೊಸ ಫಾದರ್ ಅಡಿಯಿಂದ ಸ್ಕ್ರೂ ಹಾಕಿಸಿ ಸಿಮೆಂಟು ತುಂಬಿಸಿದ್ದರು. ಇದು ಊರಿನವರಿಗೂ ಗೊತ್ತಿರಲಿಲ್ಲ ಅಂತ ಆಮೇಲೆ ತಿಳಿಯಿತು, ಅವರೂ ಬೇಜಾರು ಮಾಡಿಕೊಂಡರು. ನಾನು ಸೊಂಟ ಹಿಡಿದು ಅತ್ತೆಯನ್ನು ಕೆಳಗಿಳಿಸಿದೆ. ಬೆರಳ ತುದಿಗೆ ಹೊಸ ಬಣ್ಣ ಮೆತ್ತಿತ್ತು. ಬೆಂಚಿನ ಮೇಲೆ ಕೂತು ಅದನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದರು.

"ಅವ್ನಿಗೆ ಬೇರೆದು ಮಾಡ್ಸಿ ಕೊಟ್ರು ಕಣವ್ವ. ಇನ್ಯಾಕ್ ಉಡುಕ್ತಾನೆ ನಮ್ದ."

ಇಂಥ ಮಾತಿಗೆ ನಗುತ್ತಿದ್ದವಳು ನಾನು. ಇದು ಗಾರೆ, ಇದು ಬಣ್ಣ, ಇದಕ್ಕೂ ನಿಮ್ಮ ಮಗನಿಗೂ ಏನು ಸಂಬಂಧ ಅಂತ ಹೇಳಬೇಕಾದವಳು. ಆ ಬೆಂಚಿನ ಮೇಲೆ ಅವರ ಪಕ್ಕ ಕೂತು ಆ ಹೊಸ ಕೂಸನ್ನು ನೋಡಿದಾಗ ನನಗೂ ಹಾಗೆಯೇ ಅನ್ನಿಸಿತು. ಇನ್ನು ಯಾಕೆ ಹುಡುಕುತ್ತಾರೆ. ನವೇನಕ್ಕೆ ಜನ ಬರುವ ಮೊದಲು ನಾವು ಎದ್ದು ಬಂದೆವು.

ಅಲ್ಲಿಂದಾಚೆಗೆ ಅತ್ತೆ ಮಂಗಳವಾರ ಚರ್ಚಿಗೆ ಹೋಗಲಿಲ್ಲ. ಆ ವರ್ಷ ಅಂಗಿಗಳು ಟ್ರಂಕಿನಿಂದ ಹೊರಗೆ ಬರಲಿಲ್ಲ. ಅಕ್ಕಿ ತೆಗೆಯುವ ಕೆಲಸವನ್ನು ಸದ್ದಿಲ್ಲದೆ ನನಗೆ ಬಿಟ್ಟರು, ಕೈ ನಡುಗುತ್ತದೆ ಅಂದರು. ನಾನು ಮೂವರಿಗೇ ಅಳೆದೆ. ಅಳೆಯುವಾಗ ಬೆರಳಿಗೆ ಕೂಸಿನ ತಣ್ಣನೆಯ ತಲೆ ತಗಲುತ್ತಿತ್ತು. ಅತ್ತೆ ಅನ್ನದ ಪಾತ್ರೆಯನ್ನು ನೋಡುತ್ತಿದ್ದರು. ಬಂದಾಗ ಅನ್ನುವ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ. ನಾನು ಅದಕ್ಕಾಗಿ ಕಾದೆ. ಮಳೆ ಶುರುವಾಯಿತು, ಟ್ರಂಕಿನಲ್ಲಿ ಬೂಷ್ಟು ಹಿಡಿಯುತ್ತದೆ ಅಂತ ಬೇಕೆಂದೇ ಅಂದೆ. ಹಿಡೀಲಿ ಅಂದರು.

ನವೆಂಬರ್‌ನಲ್ಲಿ ಸತ್ತವರ ಹಬ್ಬ ಹತ್ತಿರವಾಯಿತು. ಆ ದಿನ ನಮ್ಮವರು ಗೋರಿಗಳಿಗೆ ಸುಣ್ಣ ಹೊಡೆದು, ಚೆಂಡುಹೂ ಇಟ್ಟು, ಮೇಣದಬತ್ತಿ ಹಚ್ಚುತ್ತಾರೆ. ನಮ್ಮ ಮನೆಯದು ಮಾವನದೊಂದೇ ಗೋರಿ. ಹಬ್ಬಕ್ಕೆ ಮೊದಲ ಭಾನುವಾರ ಅತ್ತೆ ಟ್ರಂಕಿನಿಂದ ಮಗನ ಒಂದು ನೀಲಿ ಅಂಗಿ ತೆಗೆದರು. ಡಬ್ಬದಿಂದ ಕೂಸನ್ನು ಎತ್ತಿ, ಅಂಟಿದ್ದ ಅಕ್ಕಿ ಕಾಳುಗಳನ್ನು ಬಿಡಿಸಿ, ಅಂಗಿಯಲ್ಲಿ ಸುತ್ತಿದರು. ಫಾದರ್‌ಗೆ ಹೇಳಿ ಮಗನ ಹೆಸರಿಗೆ ಸತ್ತವರ ಪೂಜೆ ಕೊಡಿಸು, ಮಾವನ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ತೆಗೆಸಿ ಇದನ್ನು ಇಡೋಣ ಅಂದರು. ಬೇರೇನೂ ಇಡಲು ಇಲ್ಲವಲ್ಲ ಅಂದರು.

ನಾನು ಆ ಗಂಟನ್ನು ಅವರ ಕೈಯಿಂದ ಕಿತ್ತುಕೊಂಡೆ. ಇದನ್ನು ಹೂತರೆ ಹುಡುಕಿದ್ದು ಸಾಕು ಬಿಡಿ ಅಂತ ಅಂತೋಣಿಯವರಿಗೆ ನಾವೇ ಹೇಳಿದಂತೆ ಆಗುತ್ತದೆ ಅಂದೆ. ಹಾಗೆ ಅಂದದ್ದು ನಾನೇ. ಅತ್ತೆ ನನ್ನ ಕಡೆ ತಿರುಗಿದರು.

"ನೀನ್ ನಂಬ್ತಿರ್ಲಿಲ್ವಲ್ಲ ಮಗ."

"ಈಗ್ಲೂ ನಂಬಲ್ಲ. ನೀವ್ ನಂಬಿದ್ರಲ್ಲ ಅತ್ತೆ."

ನನಗೆ ಅವತ್ತು ತಿಳಿದದ್ದು ಇಷ್ಟು: ಇಷ್ಟು ವರ್ಷ ನಾನು ನಿಂತಿದ್ದದ್ದು ನನ್ನ ಕಾಲ ಮೇಲಲ್ಲ. ಮನೆಯಲ್ಲಿ ಒಬ್ಬರು ಹಟ ಹಿಡಿದು ಕಾಯುತ್ತಿದ್ದರು, ಆ ಧೈರ್ಯದ ಮೇಲೆ ನಾನು ರೇಗುತ್ತ, ನಗುತ್ತ, ಬುದ್ಧಿವಂತಳ ಹಾಗೆ ಓಡಾಡಿಕೊಂಡಿದ್ದೆ. ಅವರು ಕೈಬಿಟ್ಟ ಮೇಲೆ ನನ್ನಲ್ಲಿ ಏನೂ ಇರಲಿಲ್ಲ. ಅಂಗಿಯನ್ನು ಬಿಚ್ಚಿ ಮಡಿಚಿ ಟ್ರಂಕಿಗೆ ಹಾಕಿದೆ. ಕೂಸನ್ನು ಡಬ್ಬದಲ್ಲಿ ಮೊದಲಿನಂತೆ ಕತ್ತಿನವರೆಗೆ ಹೂತೆ. ಪೂಜೆಗೆ ಹೇಳಲಿಲ್ಲ.

ಸತ್ತವರ ಹಬ್ಬದ ಸಂಜೆ ಇಬ್ಬರೂ ಹೋದೆವು. ಎಲ್ಲ ಗೋರಿಗಳ ಮೇಲೂ ಚೆಂಡುಹೂ, ಜನ, ಮಕ್ಕಳ ಗಲಾಟೆ. ತಾಳಿ ಸರದ ಹೆಂಗಸು ದೂರದಿಂದ ನೋಡಿ ಬೇರೆ ಕಡೆ ತಿರುಗಿದಳು. ಅತ್ತೆ ಮಾವನ ಗೋರಿಯ ತಲೆಯ ಹತ್ತಿರ ಒಂದು ಬತ್ತಿ ನೆಟ್ಟು ಹಚ್ಚಿದರು. ಆಮೇಲೆ ಚೀಲದಿಂದ ಇನ್ನೊಂದನ್ನು ತೆಗೆದು, ಪಕ್ಕದ ಬರಿ ನೆಲದಲ್ಲಿ ಮಣ್ಣು ಕೆದಕಿ ನಿಲ್ಲಿಸಿ, ಬೆಂಕಿಪೊಟ್ಟಣವನ್ನು ನನ್ನ ಕಡೆ ಚಾಚಿದರು. ಹಚ್ಚುವುದಿಲ್ಲ ಅಂತ ಹೇಳಬಹುದಾಗಿತ್ತು. ಅವರ ಕೈ ಚಾಚಿಕೊಂಡೇ ಇತ್ತು. ನಾನು ಕೂತು ಹಚ್ಚಿದೆ. ನಾಲೆಯ ಕಡೆಯಿಂದ ಬಂದ ಗಾಳಿಗೆ ಆರಿತು. ಅಂಗೈ ಮರೆ ಮಾಡಿ ಮತ್ತೆ ಹಚ್ಚಿದೆ.

ಮನೆಗೆ ಬಂದು ಕಾಲು ತೊಳೆದು ಅಡುಗೆಮನೆಗೆ ಹೋದೆ. ಅತ್ತೆ ಹೊಸಲ ಹತ್ತಿರ ಗೋಡೆಗೆ ಒರಗಿ ಕೂತಿದ್ದರು. ಡಬ್ಬದ ಮುಚ್ಚಳ ತೆಗೆದೆ. ಕೂಸು ಅಲ್ಲೇ ಇತ್ತು, ಒಂದು ಪಕ್ಕಕ್ಕೆ ವಾಲಿತ್ತು. ಅದನ್ನು ನೆಟ್ಟಗೆ ಕೂರಿಸಿ, ಇಬ್ಬರಿಗೆ ಆಗುವಷ್ಟು ಅಕ್ಕಿ ಅಳೆದುಕೊಂಡೆ.